ತಡೆಯುವ ಪುಡಿ, ಹಿಡಿದಿಡುವ ಕಣಕ: ಮನೆಯಲ್ಲೇ ಎಸ್ಪ್ರೆಸೊ, ಮನೆಯಲ್ಲೇ ಬ್ರೆಡ್

ಮನೆಗೆ ಎಸ್ಪ್ರೆಸೊ ಯಂತ್ರ ತಂದ ಮೊದಲ ವಾರದಲ್ಲಿ ಏಳುವ ಪ್ರಶ್ನೆ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಅದೇ ಬೀಜ, ಅದೇ ಯಂತ್ರ, ಒತ್ತಿದ್ದೂ ಅದೇ ಗುಂಡಿ. ನಿನ್ನೆ ಚೆನ್ನಾಗಿ ಬಂದದ್ದು ಇವತ್ತು ಯಾಕೆ ಹುಳಿ? ಬ್ರೆಡ್ ಮಾಡಲು ಹೊರಟವರ ಪ್ರಶ್ನೆಯೂ ಇದೇ ಜಾತಿಯದು. ಹೇಳಿದ ಅಳತೆಯನ್ನೇ ಹಾಕಿದ್ದಾಯಿತು, ಹೇಳಿದಷ್ಟು ಹೊತ್ತು ಬಿಟ್ಟದ್ದೂ ಆಯಿತು. ಹೋದ ಸಲ ಹತ್ತಿಯಂತೆ ಉಬ್ಬಿದ್ದು ಈ ಸಲ ಇಟ್ಟಿಗೆಯಂತೆ ಯಾಕೆ ಕೂತಿತು?

ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಎಸ್ಪ್ರೆಸೊದಲ್ಲಿ ನುಗ್ಗಿ ಬರುವ ನೀರನ್ನು ಕಾಫಿಪುಡಿ ತಡೆಯಬೇಕು. ಬ್ರೆಡ್ಡಿನಲ್ಲಿ ಒಳಗೆ ಹುಟ್ಟುವ ಗಾಳಿಯನ್ನು ಕಣಕ ಹಿಡಿದಿಡಬೇಕು. ತಡೆ ಸಾಲದಿದ್ದರೆ ನೀರೂ ಗಾಳಿಯೂ ಕೆಲಸ ಮಾಡದೆ ಹೊರಟುಹೋಗುತ್ತವೆ. ತಡೆ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸಡಿಲವಾದರೆ ಸಡಿಲವಿದ್ದಲ್ಲೇ ಒಡೆಯುತ್ತದೆ, ಕೆರೆಯ ಏರಿ ಒಡೆದ ಹಾಗೆ. ಬೀಜಕ್ಕೆ ಎಷ್ಟು ದಿನವಾಯಿತು, ಹಿಟ್ಟು ಎಂಥದ್ದು, ಅಡುಗೆಮನೆ ಎಷ್ಟು ಬೆಚ್ಚಗಿದೆ ಎನ್ನುವುದರ ಮೇಲೆ ಈ ತಡೆ ದಿನದಿಂದ ದಿನಕ್ಕೆ ಬದಲಾಗುತ್ತದೆ. ಹಾಗಾಗಿ ಒಂದೇ ಪಾಕವಿಧಾನ ಎರಡು ದಿನ ಎರಡು ಥರ ಬರುತ್ತದೆ.

ಯಂತ್ರಕ್ಕೂ ಓವನ್ನಿಗೂ ಮೊದಲು ಕೊಳ್ಳಬೇಕಾದದ್ದು ಒಂದು ತಕ್ಕಡಿ. 0.1 ಗ್ರಾಂವರೆಗೆ ತೋರಿಸುವ, 2 ಕಿಲೋವರೆಗೆ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ಬೆಳಗ್ಗೆ ಕಾಫಿಗೂ ಸಂಜೆ ಯೀಸ್ಟಿಗೂ ಅದೇ ಆಗುತ್ತದೆ. ಒಂದು ಕಪ್ ಹಿಟ್ಟು ಸಡಿಲವಾಗಿ ತುಂಬಿದರೆ 120 ಗ್ರಾಂ, ಒತ್ತಿ ತುಂಬಿದರೆ 150 ಗ್ರಾಂ. ಈ ವ್ಯತ್ಯಾಸವೊಂದೇ ಮೆತ್ತಗಿನ ಕಣಕವನ್ನು ಗಟ್ಟಿ ಮಾಡಬಲ್ಲದು. (ಈ ಲೇಖನದ ಉಷ್ಣತೆಗಳೆಲ್ಲ ಸೆಲ್ಸಿಯಸ್‌ನಲ್ಲಿವೆ.)

ಎಸ್ಪ್ರೆಸೊ ಅಂದರೆ ಏನು

ಎಸ್ಪ್ರೆಸೊ ಎನ್ನುವುದು ಬೀಜದ ಹೆಸರೂ ಅಲ್ಲ, ಹುರಿಯುವ ಬಗೆಯ ಹೆಸರೂ ಅಲ್ಲ. ಅದು ಕಾಫಿ ತೆಗೆಯುವ ಒಂದು ವಿಧಾನ. ನುಣ್ಣಗೆ ಬೀಸಿದ ಪುಡಿಯನ್ನು ತೂತುಗಳಿರುವ ಲೋಹದ ಬಟ್ಟಲಿಗೆ ತುಂಬಿ, ಒತ್ತಿ ಬಿಲ್ಲೆ ಮಾಡಿ, ಅದರ ಮೂಲಕ 90ರಿಂದ 96 ಡಿಗ್ರಿಯ ನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ ನುಗ್ಗಿಸಿದರೆ ಅರ್ಧ ನಿಮಿಷದೊಳಗೆ ಬರುವ ಗಟ್ಟಿ ಪಾನೀಯವೇ ಎಸ್ಪ್ರೆಸೊ. ಬಟ್ಟಲಿಗೆ ಬ್ಯಾಸ್ಕೆಟ್ ಎಂದೂ, ಅದನ್ನು ಹಿಡಿದಿರುವ ಹಿಡಿಕೆಗೆ ಪೋರ್ಟಾಫಿಲ್ಟರ್ ಎಂದೂ, ಒಂದು ಸಲಕ್ಕೆ ತೆಗೆದ ಎಸ್ಪ್ರೆಸೊಗೆ ಶಾಟ್ ಎಂದೂ ಹೆಸರು.

ಒಂದು ಬಾರ್ ಎಂದರೆ ಸಮುದ್ರಮಟ್ಟದಲ್ಲಿ ಗಾಳಿ ನಮ್ಮನ್ನು ಒತ್ತುವಷ್ಟು ಒತ್ತಡ. 9 ಬಾರ್ ಎಂದರೆ 90 ಮೀಟರ್ ಆಳದ ನೀರು ಒತ್ತುವಷ್ಟು. 58 ಮಿಲಿಮೀಟರ್ ಅಗಲದ ಬ್ಯಾಸ್ಕೆಟ್ಟಿನ ಮೇಲೆ ಇದು ಸುಮಾರು 240 ಕಿಲೋ ಭಾರಕ್ಕೆ ಸಮ. ಈ ಅಂಕಿಯನ್ನು ನೆನಪಿಟ್ಟುಕೊಂಡರೆ, ಪುಡಿಯನ್ನು ಒತ್ತುವ ಟ್ಯಾಂಪರ್ ಹಿಡಿದು 12 ಕಿಲೋ ಬಲ ಹಾಕಬೇಕೋ 18 ಕಿಲೋ ಬಲ ಹಾಕಬೇಕೋ ಎಂಬ ಚರ್ಚೆಯಲ್ಲಿ ಹುರುಳಿಲ್ಲ ಎನ್ನುವುದು ಗೊತ್ತಾಗುತ್ತದೆ. ಕೈಯ ಬಲಕ್ಕಿಂತ ಬಿಲ್ಲೆ ಸಮವಾಗಿ, ಓರೆಯಾಗದೆ ಕೂರುವುದು ಮುಖ್ಯ.

ಈ ಒತ್ತಡ ಮೊದಲಿನಿಂದಲೂ ಇದ್ದದ್ದಲ್ಲ. ಇಟಲಿಯ ಲುಯಿಜಿ ಬೆಜ್ಜೆರಾ 1901ರಲ್ಲಿ ಪೇಟೆಂಟ್ ಪಡೆದ ಯಂತ್ರ ಹಬೆಯ ಒತ್ತಡದಿಂದ ನಡೆಯುತ್ತಿತ್ತು, ಅದರ ಬಲ ಈಗಿನದರ ಸಣ್ಣ ಪಾಲು ಮಾತ್ರ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಕಿಲ್ಲೆ ಗಾಜಿಯಾ ಅವರ ಸನ್ನೆಕೋಲಿನ ಯಂತ್ರ ಬಂದಾಗ ಒತ್ತಡ ಹಲವು ಪಟ್ಟು ಏರಿತು. ಕಾಫಿಯ ಮೇಲೆ ಕಂದುಬಣ್ಣದ ನೊರೆ, ಅಂದರೆ ಕ್ರೆಮಾ, ಕಾಣಿಸಿಕೊಂಡದ್ದು ಆಗಲೇ. ಹುರಿದ ಬೀಜದಲ್ಲಿ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್ ಒತ್ತಡದಲ್ಲಿ ಕರಗಿ, ಹೊರಬಂದೊಡನೆ ಸಣ್ಣ ಗುಳ್ಳೆಗಳಾಗಿ ಏಳುವುದೇ ಕ್ರೆಮಾ. 1961ರ ಫೇಮಾ ಇ61 ಯಂತ್ರದಲ್ಲಿ ಕೈಯ ಬಲದ ಜಾಗಕ್ಕೆ ವಿದ್ಯುತ್ ಪಂಪ್ ಬಂತು.

ಹಣ ಮೊದಲು ಗ್ರೈಂಡರಿಗೆ

ಯಂತ್ರಕ್ಕೆ ಹಣವೆಲ್ಲ ಸುರಿದು ಗ್ರೈಂಡರಿಗೆ ಕೊಸರು ಉಳಿಸುವುದು ಹೊಸಬರು ಮಾಡುವ ಅತಿ ದೊಡ್ಡ ತಪ್ಪು. ತಡೆ ಒಡ್ಡುವುದು ಪುಡಿ. ಆ ಪುಡಿಯ ಅಳತೆ ಕೈಯಲ್ಲಿಲ್ಲದಿದ್ದರೆ ಎಷ್ಟು ಒಳ್ಳೆಯ ಯಂತ್ರವೂ ಏನೂ ಮಾಡಲಾರದು.

ತಿರುಗುವ ಬ್ಲೇಡಿನ ಮಿಕ್ಸಿ ಬೀಜವನ್ನು ಬೀಸುವುದಿಲ್ಲ, ಕೊಚ್ಚುತ್ತದೆ. ಅದರಿಂದ ಧೂಳೂ ತರಿಯೂ ಒಟ್ಟಿಗೇ ಬರುತ್ತವೆ. ಧೂಳಿನಿಂದ ಕಹಿ ಇಳಿಯುತ್ತದೆ, ತರಿಯ ಒಳಗೆ ನೀರು ಹೋಗುವುದೇ ಇಲ್ಲ. ಬೇಕಾದದ್ದು ಬರ್ ಗ್ರೈಂಡರ್, ಅಂದರೆ ಹಲ್ಲುಗಳಿರುವ ಎರಡು ಉಕ್ಕಿನ ತುಂಡುಗಳ ನಡುವೆ ಬೀಜ ನುರಿದು ಒಂದೇ ಅಳತೆಯಲ್ಲಿ ಹೊರಬೀಳುವಂಥದ್ದು, ಬೀಸುಕಲ್ಲಿನ ಹಾಗೆ. ಎಸ್ಪ್ರೆಸೊಗೆ ನುಣುಪನ್ನು ಕೂದಲೆಳೆಯಷ್ಟು ಅಂತರದಲ್ಲಿ ಬದಲಿಸುವ ಸೌಲಭ್ಯವೂ ಬೇಕು. ಹೆಜ್ಜೆಗಳಿಲ್ಲದೆ ತಿರುಗುವ ಅಥವಾ ತೀರಾ ಸಣ್ಣ ಹೆಜ್ಜೆಗಳಿರುವ ಗ್ರೈಂಡರನ್ನೇ ಆರಿಸಿ. ಹಣ ಬಿಗಿಯಿದ್ದರೆ ಎಸ್ಪ್ರೆಸೊಗೆಂದೇ ಮಾಡಿದ ಕೈಗ್ರೈಂಡರ್ ಒಳ್ಳೆಯ ದಾರಿ. 18 ಗ್ರಾಂ ಬೀಸಲು ಒಂದು ನಿಮಿಷ ತೋಳಿಗೆ ಕೆಲಸ, ಅಷ್ಟೇ.

ಯಂತ್ರದ ಪೆಟ್ಟಿಗೆಯ ಮೇಲಿನ ಮಾತುಗಳು

ಪೆಟ್ಟಿಗೆಯ ಮೇಲೆ 15 ಬಾರ್, 20 ಬಾರ್ ಎಂದಿದ್ದರೆ ಅದು ಪಂಪಿನ ಗರಿಷ್ಠ ಬಲ. ಕಾಫಿ ತೆಗೆಯುವ ಒತ್ತಡ ಅದಲ್ಲ. ಒಳ್ಳೆಯ ಯಂತ್ರಗಳಲ್ಲಿ ಹೆಚ್ಚಿನ ಒತ್ತಡವನ್ನು ಹೊರಬಿಟ್ಟು 9 ಬಾರಿನ ಆಸುಪಾಸಿಗೆ ತರುವ ಕವಾಟ ಇರುತ್ತದೆ. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಕಾಫಿ ಚೆನ್ನಾಗಿ ಬರುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಬ್ಯಾಸ್ಕೆಟ್ಟಿನ ತಳ. ಕೆಲವು ಯಂತ್ರಗಳ ಜೊತೆ ಎರಡು ಗೋಡೆಯ ಬ್ಯಾಸ್ಕೆಟ್ ಬರುತ್ತದೆ. ಒಳಗೋಡೆಯಲ್ಲಿ ನೂರಾರು ತೂತುಗಳಿದ್ದರೂ ಹೊರಗೋಡೆಯಲ್ಲಿ ಒಂದೇ ಒಂದು ಸೂಜಿಮೊನೆಯಷ್ಟು ತೂತು. ಇಲ್ಲಿ ನೀರನ್ನು ತಡೆಯುವುದು ಪುಡಿಯಲ್ಲ, ಆ ತೂತು. ಅಂಗಡಿಯ ಪುಡಿ ಹಾಕಿದರೂ ನೊರೆ ಬರುತ್ತದೆ, ಆದರೆ ಎಷ್ಟೇ ನುಣ್ಣಗೆ ಬೀಸಿದರೂ ರುಚಿ ಹೆಚ್ಚು ಬದಲಾಗುವುದಿಲ್ಲ. ಗ್ರೈಂಡರ್ ಇಲ್ಲದವರಿಗೆ ಇದು ಅನುಕೂಲ. ಗ್ರೈಂಡರ್ ಇರುವವರು ಒಂದು ಗೋಡೆಯ ಬ್ಯಾಸ್ಕೆಟ್ ಹಾಕಿಕೊಳ್ಳಬೇಕು. "ಎಷ್ಟು ಬದಲಿಸಿದರೂ ಒಂದೇ ರುಚಿ" ಎನ್ನುವವರು ಮೊದಲು ಬ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿ.

ನೀರು ಕಾಯಿಸುವ ಬಗೆಯೂ ಬೇರೆ ಬೇರೆ. ಒಂದೇ ಬಾಯ್ಲರಿನ ಯಂತ್ರದಲ್ಲಿ ಕಾಫಿಗೂ ಹಾಲು ಕಾಯಿಸುವ ಹಬೆಗೂ ಅದೇ ನೀರು. ಕಾಫಿ ತೆಗೆದ ಮೇಲೆ ಹಬೆಗೆ ಅದು ಇನ್ನಷ್ಟು ಕಾಯಬೇಕು, ಹಬೆ ಬಳಸಿದ ಮೇಲೆ ನೀರು ಹರಿಸಿ ಆರಿಸಬೇಕು. ದಿನಕ್ಕೆ ಎರಡು ಲೋಟ ಮಾಡುವ ಮನೆಗೆ ಇದು ತೊಂದರೆಯಲ್ಲ. ಎರಡು ಬಾಯ್ಲರಿನ ಯಂತ್ರದಲ್ಲಿ ಕಾಫಿ ತೆಗೆಯುತ್ತಲೇ ಹಾಲು ಕಾಯಿಸಬಹುದು, ಆದರೆ ಅದು ಜಾಗವನ್ನೂ ವಿದ್ಯುತ್ತನ್ನೂ ಹೆಚ್ಚು ತಿನ್ನುತ್ತದೆ. ಥರ್ಮೋಬ್ಲಾಕ್ ಯಂತ್ರ ನೀರು ಹರಿಯುತ್ತಿದ್ದಂತೆಯೇ ಕಾಯಿಸುವುದರಿಂದ ಬೇಗ ಸಿದ್ಧವಾಗುತ್ತದೆ.

ಮೂಲೆ ಎಲ್ಲಿ ಮಾಡಬೇಕು

ಯಂತ್ರ ಇಡುವ ಕಟ್ಟೆಯ ಮೇಲೆ ಕಪಾಟು ಇದ್ದರೆ ಎತ್ತರ ಅಳೆಯಿರಿ. ಯಂತ್ರ ಕೂತರಷ್ಟೇ ಸಾಲದು, ನೀರಿನ ತೊಟ್ಟಿಯನ್ನು ಮೇಲೆತ್ತಿ ತೆಗೆಯಲೂ ಜಾಗ ಬೇಕು. ಮರದ ಕಪಾಟಿಗೆ ದಿನವೂ ಹಬೆ ತಾಗಿದರೆ ಅದು ಉಬ್ಬುತ್ತದೆ. ಸಿಂಕು ಹತ್ತಿರವಿದ್ದಷ್ಟೂ ಒಳ್ಳೆಯದು. ಗ್ರೈಂಡರ್, ಟ್ಯಾಂಪರ್, ಬಳಸಿದ ಪುಡಿ ಕುಟ್ಟಿ ಹಾಕುವ ಡಬ್ಬಿ, ಹಬೆಕೊಳವೆ ಒರೆಸಲು ಒಂದು ಬಟ್ಟೆ, ಕಟ್ಟೆಗೆ ಇನ್ನೊಂದು: ಇಷ್ಟು ಕೈಯಳತೆಯಲ್ಲಿರಲಿ.

ವಿದ್ಯುತ್ತಿನ ಲೆಕ್ಕವನ್ನು ಹಲವರು ಮರೆಯುತ್ತಾರೆ. ಎಸ್ಪ್ರೆಸೊ ಯಂತ್ರ 1,200ರಿಂದ 1,600 ವ್ಯಾಟ್ ಎಳೆಯುತ್ತದೆ, ಓವನ್ 2,000ಕ್ಕೂ ಮೇಲೆ ಹೋಗಬಹುದು. 230 ವೋಲ್ಟಿನ ಸಂಪರ್ಕದಲ್ಲಿ 16 ಆಂಪಿಯರಿನ ಸಾಕೆಟ್ಟು ಹೊರುವುದು 3,680 ವ್ಯಾಟ್. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ನಿಗೆ ಸಿಕ್ಕಿಸಿದರೆ ಸ್ವಿಚ್ ಬೀಳುತ್ತದೆ, ಇಲ್ಲವೇ ತಂತಿ ಕಾಯುತ್ತದೆ. ಎರಡಕ್ಕೂ ಬೇರೆ ಬೇರೆ ಲೈನ್ ಇರಲಿ.

ಇನ್ನು ನೀರು. ಗಡಸು ನೀರು ಕಾಯಿಸಿದಾಗ ಅದರಲ್ಲಿನ ಕ್ಯಾಲ್ಸಿಯಂ ಬಿಳಿ ಚಿಪ್ಪಾಗಿ ಬಾಯ್ಲರಿನ ಗೋಡೆಗೆ ಕಟ್ಟುತ್ತದೆ. ಮನೆಯ ಯಂತ್ರಗಳು ಹಾಳಾಗುವ ಮುಖ್ಯ ಕಾರಣಗಳಲ್ಲಿ ಇದೊಂದು. ಹಾಗೆಂದು ಖನಿಜವೇ ಇಲ್ಲದ ಬಟ್ಟಿ ಇಳಿಸಿದ ನೀರೂ ಸರಿಯಲ್ಲ. ಕಾಫಿ ಸಪ್ಪೆಯಾಗುತ್ತದೆ, ಜೊತೆಗೆ ಕೆಲವು ಯಂತ್ರಗಳ ನೀರಿನ ಮಟ್ಟ ತಿಳಿಯುವ ಕಡ್ಡಿ ಖನಿಜವಿಲ್ಲದ ನೀರನ್ನು ಗುರುತಿಸುವುದೇ ಇಲ್ಲ. ಕರಗಿದ ಖನಿಜ ಲೀಟರಿಗೆ 75ರಿಂದ 150 ಮಿಲಿಗ್ರಾಂ ಇರುವ ನೀರು ಒಳ್ಳೆಯದು. ಶುದ್ಧೀಕರಿಸಿದ ನೀರಿಗೆ ಸ್ವಲ್ಪ ನಲ್ಲಿನೀರು ಬೆರೆಸಿ, ಕರಗಿದ ಖನಿಜ ಅಳೆಯುವ ಚಿಕ್ಕ ಟಿಡಿಎಸ್ ಮೀಟರಿನಲ್ಲಿ ನೋಡಿಕೊಳ್ಳಬಹುದು.

ಒಂದು ಶಾಟ್: 18 ಹಾಕಿ 36 ತೆಗೆಯುವುದು

ಬೀಜದ ಪೊಟ್ಟಣದ ಮೇಲೆ ಹುರಿದ ದಿನಾಂಕ ನೋಡಿ. ಹುರಿದ ಮರುದಿನವೇ ಬಳಸಿದರೆ ಅದರೊಳಗಿನ ಅನಿಲ ನೀರಿಗೆ ಅಡ್ಡಬಂದು ಹರಿವು ಏರುಪೇರಾಗುತ್ತದೆ. ಕಪ್ಪಗೆ ಹುರಿದದ್ದಕ್ಕೆ ಒಂದು ವಾರ, ತಿಳಿಯಾಗಿ ಹುರಿದದ್ದಕ್ಕೆ ಎರಡು ವಾರ ಬಿಡುವು ಕೊಡಿ.

ಯಂತ್ರ ಹಚ್ಚಿ, ಪೋರ್ಟಾಫಿಲ್ಟರನ್ನು ಅದರಲ್ಲೇ ಸಿಕ್ಕಿಸಿ 15-20 ನಿಮಿಷ ಕಾಯಲು ಬಿಡಿ. ತಣ್ಣನೆಯ ಲೋಹ ನೀರಿನ ಬಿಸಿಯನ್ನು ಕದಿಯುತ್ತದೆ. ಆಮೇಲೆ 18 ಗ್ರಾಂ ಬೀಜ ತೂಗಿ ಬೀಸಿ, ಬ್ಯಾಸ್ಕೆಟ್ಟಿಗೆ ಸುರಿಯಿರಿ. ಪುಡಿ ಗಂಟು ಕಟ್ಟಿರುತ್ತದೆ. ಸಣ್ಣ ಸೂಜಿಗಳ ಕಡ್ಡಿಯಿಂದ ತಳದವರೆಗೆ ಕದಡಿ ಗಂಟು ಬಿಡಿಸಿ, ಮೇಲ್ಮೈ ಸಮ ಮಾಡಿ. ಟ್ಯಾಂಪರನ್ನು ನೇರವಾಗಿ ಹಿಡಿದು, ಪುಡಿ ಇನ್ನು ಇಳಿಯುವುದಿಲ್ಲ ಎನ್ನಿಸುವವರೆಗೆ ಒತ್ತಿ. ಯಂತ್ರದಿಂದ ಎರಡು ಸೆಕೆಂಡ್ ಬರೀ ನೀರು ಹರಿಸಿ, ಪೋರ್ಟಾಫಿಲ್ಟರ್ ಸಿಕ್ಕಿಸಿ, ತಕ್ಕಡಿಯ ಮೇಲೆ ಲೋಟವಿಟ್ಟು ಗುಂಡಿ ಒತ್ತಿ. ಪಂಪ್ ಶುರುವಾದ ಕ್ಷಣದಿಂದ ಸೆಕೆಂಡ್ ಎಣಿಸಿ. ಕೊನೆಯ ಹನಿಗಳೂ ಸೇರಿ ಲೋಟದಲ್ಲಿ 36 ಗ್ರಾಂ ಆಗುವಂತೆ ನಿಲ್ಲಿಸಿ. ಇದಕ್ಕೆ 25ರಿಂದ 30 ಸೆಕೆಂಡ್ ಹಿಡಿದರೆ ನೀವು ಸರಿಯಾದ ಊರಿಗೆ ಬಂದಿದ್ದೀರಿ, ಮನೆ ಹುಡುಕುವುದಷ್ಟೇ ಬಾಕಿ.

ಮಿಲಿಲೀಟರ್ ಬಿಟ್ಟು ಗ್ರಾಂ ಲೆಕ್ಕ ಹಿಡಿಯುವುದಕ್ಕೆ ಕಾರಣ ಕ್ರೆಮಾ. ತಾಜಾ ಬೀಜದ ನೊರೆ ಲೋಟವನ್ನು ತುಂಬಿದಂತೆ ತೋರಿಸುತ್ತದೆ, ಒಳಗಿನ ಕಾಫಿ ಕಡಿಮೆಯೇ ಇರುತ್ತದೆ.

ಹುಳಿ, ಕಹಿ, ಎರಡೂ ಒಟ್ಟಿಗೆ

ಪುಡಿಯಿಂದ ಎಲ್ಲ ರುಚಿಯೂ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಹುಳಿ ಬೇಗ ಕರಗುತ್ತದೆ, ಸಿಹಿ ಆಮೇಲೆ ಬರುತ್ತದೆ, ಕಹಿ ಮತ್ತು ಒಗರು ಕೊನೆಗೆ ಹೆಚ್ಚುತ್ತವೆ. ಆದ್ದರಿಂದ 15 ಸೆಕೆಂಡಿಗೇ 36 ಗ್ರಾಂ ಬಂದುಬಿಟ್ಟರೆ ಕಾಫಿ ತೆಳ್ಳಗೆ, ಚುಚ್ಚುವ ಹುಳಿಯಾಗಿರುತ್ತದೆ. ಆಗ ಇನ್ನೂ ನುಣ್ಣಗೆ ಬೀಸಬೇಕು. 45 ಸೆಕೆಂಡ್ ತೊಟ್ಟಿಕ್ಕಿದರೆ ಕಹಿ, ನಾಲಿಗೆ ಒಣಗಿಸುವ ಒಗರು. ಆಗ ಸ್ವಲ್ಪ ತರಿಯಾಗಿ ಬೀಸಬೇಕು. ಒಮ್ಮೆಗೆ ಒಂದನ್ನೇ ಬದಲಿಸಿ. 18 ಮತ್ತು 36 ಹಾಗೇ ಇರಲಿ, ಗ್ರೈಂಡರ್ ಮಾತ್ರ ತಿರುಗಲಿ. ತಿರುಗಿಸಿದ ಮೇಲೆ ಹಳೆಯ ಅಳತೆಯ ಪುಡಿ ಒಂದೆರಡು ಗ್ರಾಂ ಒಳಗೇ ಉಳಿದಿರುತ್ತದೆ, ಅಷ್ಟನ್ನು ಬೀಸಿ ಚೆಲ್ಲಿ.

ಸಮಯ ಸರಿಯಿದೆ, ಆದರೂ ಹುಳಿ ಎನ್ನಿಸುತ್ತದೆಯೇ? 36ರ ಬದಲು 40 ಗ್ರಾಂ ತೆಗೆದು ನೋಡಿ, ಅಥವಾ ನೀರಿನ ಬಿಸಿ ಒಂದೆರಡು ಡಿಗ್ರಿ ಏರಿಸಿ. ತಿಳಿಯಾಗಿ ಹುರಿದ ಬೀಜ 93-96 ಡಿಗ್ರಿ ಕೇಳುತ್ತದೆ, ಕಪ್ಪು ಬೀಜಕ್ಕೆ 90ರ ಆಸುಪಾಸು ಸಾಕು.

ಹುಳಿಯೂ ಕಹಿಯೂ ಒಂದೇ ಗುಟುಕಿನಲ್ಲಿ ಬಂದರೆ ಬಿಲ್ಲೆ ಒಡೆದಿದೆ ಎಂದರ್ಥ. ನೀರು ಸಡಿಲವಾದ ಒಂದು ಜಾಗ ಹುಡುಕಿ ಅಲ್ಲೇ ಕಾಲುವೆ ಮಾಡಿಕೊಂಡಿರುತ್ತದೆ. ಕಾಲುವೆಯ ಪಕ್ಕದ ಪುಡಿ ಅತಿಯಾಗಿ ತೊಳೆದುಹೋಗಿ ಕಹಿ ಕೊಡುತ್ತದೆ, ಉಳಿದ ಪುಡಿ ನೆನೆದಷ್ಟೇ ಆಗಿ ಹುಳಿ ಕೊಡುತ್ತದೆ. ತಳ ತೆರೆದ ಪೋರ್ಟಾಫಿಲ್ಟರ್ ಇದ್ದರೆ ಇದು ಕಣ್ಣಿಗೇ ಕಾಣುತ್ತದೆ: ಒಂದು ಕಡೆಯಿಂದ ಸಣ್ಣ ಧಾರೆ ಚಿಮ್ಮುತ್ತದೆ, ಅಲ್ಲಿ ಬಣ್ಣ ಬೇಗ ಬಿಳಚುತ್ತದೆ. ಗಂಟು ಬಿಡಿಸದಿರುವುದು, ಓರೆ ಒತ್ತುವುದು ಸಾಮಾನ್ಯ ಕಾರಣಗಳು. ಇನ್ನೊಂದು ಕಾರಣ ಹೊಸಬರಿಗೆ ಹೊಳೆಯುವುದಿಲ್ಲ. ಪುಡಿ ವಿಪರೀತ ನುಣ್ಣಗಾದರೆ ನೀರಿಗೆ ಸಮವಾಗಿ ಹೋಗಲು ದಾರಿಯೇ ಇರುವುದಿಲ್ಲ, ಆಗಲೂ ಅದು ಒಡೆದೇ ಹೋಗುತ್ತದೆ. ನುಣ್ಣಗೆ ಮಾಡಿದಷ್ಟೂ ಶಾಟ್ ಬೇಗ ಬರತೊಡಗಿದರೆ ಹಿಂದಕ್ಕೆ ಬನ್ನಿ.

ಬೀಜ ಹಳೆಯದಾದಂತೆ ತಡೆ ಕುಗ್ಗುತ್ತದೆ. ಒಂದೇ ಪೊಟ್ಟಣಕ್ಕೆ ಮೂರನೇ ವಾರದಲ್ಲಿ ಮೊದಲ ವಾರಕ್ಕಿಂತ ನುಣ್ಣಗಿನ ಅಳತೆ ಬೇಕಾಗುತ್ತದೆ. ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಡಿ.

ಹಾಲಿನ ವಿಷಯ ಚಿಕ್ಕದು. ಜಗ್ಗಿನ ಮೂತಿಯ ಬುಡದವರೆಗೆ ತಣ್ಣನೆಯ ಹಾಲು ಹಾಕಿ, ಹಬೆಕೊಳವೆಯ ತುದಿಯನ್ನು ಹಾಲಿನ ಮೇಲ್ಮೈಗೆ ತಾಗಿಸಿ ಕೆಲವು ಸೆಕೆಂಡ್ ಗಾಳಿ ಸೇರಿಸಿ. ಜಗ್ಗು ಕೈಗೆ ಉಗುರುಬೆಚ್ಚಗಾದೊಡನೆ ತುದಿಯನ್ನು ಸ್ವಲ್ಪ ಮುಳುಗಿಸಿ, ಹಾಲು ಸುಳಿ ತಿರುಗುವಂತೆ ಹಿಡಿಯಿರಿ. 60 ಡಿಗ್ರಿಗೆ ನಿಲ್ಲಿಸಿ. 70 ದಾಟಿದರೆ ಸಿಹಿ ಹೋಗಿ ಕಾದ ಹಾಲಿನ ವಾಸನೆ ಬರುತ್ತದೆ. ಕೊಳವೆಯನ್ನು ಆ ಕ್ಷಣವೇ ಒರೆಸಿ, ಒಮ್ಮೆ ಹಬೆ ಬಿಡಿ. ಒಣಗಿದ ಹಾಲು ತೂತನ್ನು ಮುಚ್ಚುತ್ತದೆ.

ಬ್ರೆಡ್ಡಿಗೆ ನಾಲ್ಕೇ ವಸ್ತು

ಬ್ರೆಡ್ ಮಾಡುವವರು ಎಲ್ಲವನ್ನೂ ಹಿಟ್ಟಿನ ತೂಕದ ಶೇಕಡಾವಾರಿನಲ್ಲಿ ಹೇಳುತ್ತಾರೆ. ಹಿಟ್ಟು ಯಾವಾಗಲೂ 100. ಮೊದಲ ಬ್ರೆಡ್ಡಿಗೆ ಈ ಲೆಕ್ಕ ಹಿಡಿಯಿರಿ: ಬ್ರೆಡ್ ಹಿಟ್ಟು 500 ಗ್ರಾಂ, ನೀರು 350 ಗ್ರಾಂ (ಶೇ. 70), ಉಪ್ಪು 10 ಗ್ರಾಂ (ಶೇ. 2), ಇನ್‌ಸ್ಟಂಟ್ ಯೀಸ್ಟ್ 4 ಗ್ರಾಂ (ಶೇ. 0.8). ಹಿಟ್ಟು ಅರ್ಧ ಮಾಡಿದರೂ ಎರಡರಷ್ಟು ಮಾಡಿದರೂ ಈ ಶೇಕಡಾ ಬದಲಾಗುವುದಿಲ್ಲ. ತಾಜಾ ಯೀಸ್ಟ್ ಆದರೆ ಮೂರು ಪಟ್ಟು ಬೇಕು.

ಗೋಧಿಯಲ್ಲಿ ಗ್ಲುಟೆನಿನ್, ಗ್ಲಯಾಡಿನ್ ಎಂಬ ಎರಡು ಪ್ರೋಟೀನುಗಳಿವೆ. ನೀರು ಸೋಕಿದಾಗ ಇವು ಹೆಣೆದುಕೊಂಡು ಗ್ಲುಟನ್ ಎಂಬ ಬಲೆಯಾಗುತ್ತವೆ. ಒಂದು ಬಲೆಗೆ ಬಿಗಿ ಕೊಡುತ್ತದೆ, ಇನ್ನೊಂದು ಹಿಗ್ಗುವ ಗುಣ ಕೊಡುತ್ತದೆ. ಯೀಸ್ಟ್ ಹಿಟ್ಟಿನ ಸಕ್ಕರೆ ತಿಂದು ಬಿಡುವ ಅನಿಲ ಈ ಬಲೆಯೊಳಗೆ ಸಾವಿರಾರು ಬಲೂನುಗಳಾಗಿ ಊದಿಕೊಳ್ಳುತ್ತದೆ. ಹಿಟ್ಟಿನಲ್ಲಿ ಪ್ರೋಟೀನ್ ಶೇ. 12-13 ಇದ್ದರೆ ಬಲೆ ಗಟ್ಟಿ. ಪೊಟ್ಟಣದ ಹಿಂದೆ 100 ಗ್ರಾಂಗೆ 10 ಗ್ರಾಂ ಎಂದಿದ್ದರೆ ಬಲೆ ದುರ್ಬಲ. ಆಗ ನೀರನ್ನು 315-325 ಗ್ರಾಂಗೆ ಇಳಿಸಿ, ಇಲ್ಲವಾದರೆ ಕಣಕ ಹರಡಿಕೊಳ್ಳುತ್ತದೆ. ಇಡೀ ಗೋಧಿಯ ಹಿಟ್ಟಿನ ಕಥೆ ಬೇರೆ. ಅದರ ತೌಡು ನೀರನ್ನು ಹೆಚ್ಚು ಕುಡಿಯುತ್ತದೆ, ಜೊತೆಗೆ ಬಲೆಯ ಎಳೆಗಳನ್ನು ಕತ್ತರಿಸುತ್ತದೆ. ಮೊದಲ ಸಲ ಅದನ್ನು ಹಿಟ್ಟಿನ ಕಾಲುಭಾಗಕ್ಕಿಂತ ಹೆಚ್ಚು ಹಾಕಬೇಡಿ.

ನೀರಿನ ಬಿಸಿಗೆ ಒಂದು ಕೂಡು-ಕಳೆ ಲೆಕ್ಕ

ಯೀಸ್ಟಿನ ವೇಗ ಬಿಸಿಯನ್ನು ಅವಲಂಬಿಸಿದೆ. 10 ಡಿಗ್ರಿ ಏರಿದರೆ ಅದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. "ಒಂದೂವರೆ ಗಂಟೆ ಬಿಡಿ" ಎಂಬ ಮಾತು ಬೇಸಗೆಯಲ್ಲಿ ಒಂದು ಅರ್ಥ, ಚಳಿಗಾಲದಲ್ಲಿ ಇನ್ನೊಂದು ಅರ್ಥ ಕೊಡುವುದು ಇದಕ್ಕೇ.

ಕಲಸಿದ ಕಣಕ 25 ಡಿಗ್ರಿ ಇರಬೇಕು ಎಂದಿಟ್ಟುಕೊಳ್ಳಿ. 25ನ್ನು ಮೂರರಿಂದ ಗುಣಿಸಿದರೆ 75. ಅದರಿಂದ ಕೋಣೆಯ ಬಿಸಿಯನ್ನೂ ಹಿಟ್ಟಿನ ಬಿಸಿಯನ್ನೂ ಕಳೆಯಿರಿ, ಉಳಿದದ್ದು ನೀರಿನ ಬಿಸಿ. ಎರಡೂ 30 ಇದ್ದರೆ ನೀರು 15 ಡಿಗ್ರಿ, ಅಂದರೆ ಫ್ರಿಜ್ಜಿನ ನೀರು ಬೆರೆಸಬೇಕು. ಎರಡೂ 20 ಇದ್ದರೆ ನೀರು 35 ಡಿಗ್ರಿ. ಯಂತ್ರದಲ್ಲಿ ನಾದಿದರೆ ಉಜ್ಜಾಟದಿಂದಲೇ ಕಣಕ ಕೆಲವು ಡಿಗ್ರಿ ಕಾಯುತ್ತದೆ, ಅಷ್ಟು ತಣ್ಣಗಿನ ನೀರು ಹಾಕಿ.

ನಾದುವುದು, ಕಾಯುವುದು

ಹಿಟ್ಟು ಮತ್ತು ನೀರನ್ನು ಮಾತ್ರ ಬೆರೆಸಿ, ಮುಚ್ಚಿ 30 ನಿಮಿಷ ಬಿಡಿ. ಫ್ರಾನ್ಸಿನ ರೇಮೋಂ ಕಾಲ್ವೆಲ್ ಬಳಕೆಗೆ ತಂದ ಈ ಕ್ರಮಕ್ಕೆ ಆಟೊಲೀಸ್ ಎಂದು ಹೆಸರು. ಬಲೆಯ ಅರ್ಧ ನೇಯ್ಗೆ ಕೈ ಸೋಕದೆಯೇ ಮುಗಿದಿರುತ್ತದೆ. ಆಮೇಲೆ ಯೀಸ್ಟ್ ಮತ್ತು ಉಪ್ಪು ಸೇರಿಸಿ 8-10 ನಿಮಿಷ ನಾದಿ. ಕೈಗೆ ಅಂಟುತ್ತದೆಂದು ಹಿಟ್ಟು ಉದುರಿಸುತ್ತ ಹೋಗಬೇಡಿ. ಪ್ರತಿ ಹಿಡಿ ಹಿಟ್ಟೂ ನಿಮ್ಮ ಶೇ. 70ರ ಲೆಕ್ಕವನ್ನು ಕೆಡಿಸುತ್ತದೆ. ಕೈ ಒದ್ದೆ ಮಾಡಿಕೊಳ್ಳಿ.

ನಾದಿದ್ದು ಸಾಕೇ ಎಂದು ತಿಳಿಯಲು ಚಿಕ್ಕ ತುಂಡನ್ನು ಬೆರಳುಗಳ ನಡುವೆ ನಿಧಾನ ಹಿಗ್ಗಿಸಿ. ಹರಿಯದೆ, ಬೆಳಕು ಹಾಯುವಷ್ಟು ತೆಳು ಪೊರೆಯಾದರೆ ಬಲೆ ಸಿದ್ಧ.

ಈಗ ನೇರ ಗೋಡೆಯ ಪಾತ್ರೆಗೆ ಹಾಕಿ, ಕಣಕದ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ. 25 ಡಿಗ್ರಿಯಲ್ಲಿ ಒಂದೂವರೆಯಿಂದ ಎರಡು ಗಂಟೆಯಲ್ಲಿ ಅದು ಎರಡರಷ್ಟಾಗುತ್ತದೆ. ಗಡಿಯಾರವನ್ನು ನಂಬಬೇಡಿ, ರಬ್ಬರ್ ಬ್ಯಾಂಡನ್ನು ನಂಬಿ. ಬಳಿಕ ಕಟ್ಟೆಯ ಮೇಲೆ ತೆಗೆದು, ಅಂಚುಗಳನ್ನು ನಡುವಿಗೆ ಮಡಚಿ, ಮಗುಚಿ, ಅಂಗೈಯಿಂದ ನಿಮ್ಮ ಕಡೆಗೆ ಎಳೆಯುತ್ತ ಉಂಡೆಯ ಮೇಲ್ಮೈ ಬಿಗಿ ಮಾಡಿ. ಬಿಗಿಯಿಲ್ಲದ ಉಂಡೆ ಎತ್ತರಕ್ಕೆ ಏಳದೆ ಅಗಲಕ್ಕೆ ಹರಿಯುತ್ತದೆ.

ಎರಡನೆಯ ಸಲ ಉಬ್ಬಲು 45-60 ನಿಮಿಷ. ಹಿಟ್ಟು ಸವರಿದ ಬೆರಳಿನಿಂದ ಒಂದು ಸೆಂಟಿಮೀಟರ್ ಒತ್ತಿ ನೋಡಿ. ಕುಳಿ ತಕ್ಷಣ ಮಾಯವಾದರೆ ಇನ್ನೂ ಕಾಯಬೇಕು. ನಿಧಾನ ಮೇಲೆದ್ದು ಸ್ವಲ್ಪ ಗುರುತು ಉಳಿದರೆ ಇದೇ ಹೊತ್ತು. ಕುಳಿ ಏಳದೇ ಹೋದರೆ ಬಲೆ ಸೋತಿದೆ. ಆಗ ಗಾಳಿ ಬಿಟ್ಟು, ಮತ್ತೆ ಉಂಡೆ ಕಟ್ಟಿ, ಕಡಿಮೆ ಹೊತ್ತು ಉಬ್ಬಿಸಿದರೆ ಉಳಿಸಿಕೊಳ್ಳಬಹುದು.

ಓವನ್ನಿನೊಳಗೆ ಏನು ನಡೆಯುತ್ತದೆ

ಮುಚ್ಚಳವಿರುವ ದಪ್ಪ ಕಬ್ಬಿಣದ ಪಾತ್ರೆಯನ್ನು ಓವನ್ನಿನಲ್ಲಿಟ್ಟು 240 ಡಿಗ್ರಿಗೆ 45 ನಿಮಿಷ ಕಾಯಿಸಿ. ಉಂಡೆಯ ಮೇಲೆ ಹರಿತವಾದ ಬ್ಲೇಡಿನಿಂದ ಅರ್ಧ ಸೆಂಟಿಮೀಟರಿಗಿಂತ ತುಸು ಆಳ ಗೀರಿ, ಪಾತ್ರೆಗಿಳಿಸಿ, ಮುಚ್ಚಿ 20 ನಿಮಿಷ, ಮುಚ್ಚಳ ತೆಗೆದು 220 ಡಿಗ್ರಿಯಲ್ಲಿ 20-25 ನಿಮಿಷ ಬೇಯಿಸಿ.

ಮೊದಲ ನಿಮಿಷಗಳಲ್ಲಿ ಕಣಕ ಸರ್ರನೆ ಮೇಲೇಳುತ್ತದೆ. ಇದ್ದ ಅನಿಲ ಹಿಗ್ಗುತ್ತದೆ, ನೀರು ಮತ್ತು ಆಲ್ಕೊಹಾಲ್ ಆವಿಯಾಗುತ್ತವೆ, 55-60 ಡಿಗ್ರಿಯಲ್ಲಿ ಸಾಯುವ ಮುನ್ನ ಯೀಸ್ಟ್ ಕೊನೆಯ ಸಲ ಚುರುಕಾಗುತ್ತದೆ. ಈ ಹೊತ್ತಿನಲ್ಲಿ ಮೇಲ್ಪದರ ಒಣಗಿ ಗಟ್ಟಿಯಾದರೆ ಏಳಲು ಜಾಗವಿರುವುದಿಲ್ಲ. ಮುಚ್ಚಿದ ಪಾತ್ರೆಯೊಳಗೆ ಕಣಕದ ಹಬೆಯೇ ನಿಂತು ಮೇಲ್ಪದರವನ್ನು ಮೆತ್ತಗಿಡುತ್ತದೆ. ಗೀರು ಹಾಕುವುದೂ ಇದಕ್ಕೇ: ಬ್ರೆಡ್ ಎಲ್ಲಿ ಬಿರಿಯಬೇಕೆಂದು ನಾವೇ ಹೇಳುವುದು. ಗೀರಿಲ್ಲದ ಬ್ರೆಡ್ ತನ್ನ ದುರ್ಬಲ ಜಾಗ ಹುಡುಕಿ ಪಕ್ಕದಲ್ಲಿ ಸೀಳುತ್ತದೆ, ಒಡೆದ ಕಾಫಿ ಬಿಲ್ಲೆಯ ಹಾಗೆಯೇ.

ಒಳಗಿನ ಬಿಸಿ 95-98 ಡಿಗ್ರಿ ತಲುಪಿದರೆ ಬೆಂದಿದೆ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಜಾಲರಿಯ ಮೇಲಿಟ್ಟು ಕನಿಷ್ಠ ಒಂದು ಗಂಟೆ ಆರಿಸಿ. ಹೊರಬಂದ ಮೇಲೂ ಒಳಗಿನ ಪಿಷ್ಟ ಗಟ್ಟಿಯಾಗುತ್ತಿರುತ್ತದೆ. ಬಿಸಿಯಲ್ಲೇ ಕೊಯ್ದರೆ ಚೆನ್ನಾಗಿ ಬೆಂದ ಬ್ರೆಡ್ಡೂ ಹಸಿಯಂತೆ ಅಂಟುತ್ತದೆ.

ಚಿಕ್ಕ ಓವನ್ನುಗಳಲ್ಲಿ ಗುಂಡಿ ತೋರಿಸುವ ಉಷ್ಣತೆಯೂ ಒಳಗಿನದ್ದೂ ಬೇರೆಯಾಗಿರುವುದುಂಟು. ಒಳಗೊಂದು ಓವನ್ ಥರ್ಮಾಮೀಟರ್ ನೇತುಹಾಕಿ. ಮೇಲಿನ ಕಂಬಿ ಹತ್ತಿರವಾಗಿ ತಲೆ ಕಪ್ಪಾದರೆ ಕೊನೆಯ 15 ನಿಮಿಷ ಅಲ್ಯೂಮಿನಿಯಂ ಹಾಳೆ ಹೊದಿಸಿ.

ಬ್ರೆಡ್ ಕೆಟ್ಟರೆ

ಇಟ್ಟಿಗೆಯಂತೆ ಗಟ್ಟಿಯಾಗಿ, ಪಕ್ಕದಲ್ಲಿ ಸೀಳಿದ್ದರೆ ಉಬ್ಬಿದ್ದು ಸಾಲದು. ಯೀಸ್ಟ್ ಸತ್ತಿರಬಹುದೇ ಎಂಬ ಅನುಮಾನವಿದ್ದರೆ 100 ಗ್ರಾಂ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್ ಹಾಕಿ. 10 ನಿಮಿಷದಲ್ಲಿ ನೊರೆ ಏಳದಿದ್ದರೆ ಅದನ್ನು ಬಿಸಾಡಿ. ಚಪ್ಪಟೆಯಾಗಿ, ಮೇಲ್ಪದರ ಬಿಳಚಿಕೊಂಡಿದ್ದರೆ ಉಬ್ಬಿದ್ದು ಅತಿಯಾಗಿದೆ. ಬಣ್ಣ ತರಬೇಕಿದ್ದ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸಿರುತ್ತದೆ. ತಿರುಳಿನಲ್ಲಿ ಒಂದೇ ದೊಡ್ಡ ಬಿಲವಿದ್ದರೆ ಉಂಡೆ ಕಟ್ಟುವಾಗ ಗಾಳಿ ಸಿಕ್ಕಿಕೊಂಡದ್ದು. ರುಚಿಯೇ ಇಲ್ಲದೆ, ಕಣಕ ಅಂಟಂಟಾಗಿ ಬೇಗ ಉಬ್ಬಿದ್ದರೆ ಉಪ್ಪು ಮರೆತಿದ್ದೀರಿ. ಉಪ್ಪು ಬಲೆಯನ್ನು ಬಿಗಿ ಮಾಡುತ್ತದೆ, ಯೀಸ್ಟಿಗೆ ಲಗಾಮನ್ನೂ ಹಾಕುತ್ತದೆ.

ಅಂಗಡಿಯ ಯೀಸ್ಟ್ ಬಿಟ್ಟು ಹುಳಿಹಿಟ್ಟಿನಿಂದ ಮಾಡುವ ಸಾರ್‌ಡೋಗೆ ಆತುರ ಬೇಡ. ಹಿಟ್ಟು ಮತ್ತು ನೀರನ್ನು ಸಮತೂಕದಲ್ಲಿ ಕಲಸಿಟ್ಟು, ದಿನವೂ ಸ್ವಲ್ಪ ಉಳಿಸಿಕೊಂಡು ಹೊಸದು ಸೇರಿಸುತ್ತ ಹೋದರೆ ಒಂದೆರಡು ವಾರದಲ್ಲಿ ಅದು ಸಿದ್ಧವಾಗುತ್ತದೆ. ಎರಡನೆಯ ಮೂರನೆಯ ದಿನ ಭರ್ಜರಿಯಾಗಿ ಉಕ್ಕುವುದು ಬೇರೆ ಬ್ಯಾಕ್ಟೀರಿಯಾಗಳ ಕೆಲಸ, ಯೀಸ್ಟಿನದಲ್ಲ. ಆಮೇಲೆ ಕೆಲವು ದಿನ ಸಪ್ಪಗಾಗುತ್ತದೆ. ಸತ್ತಿತೆಂದು ಹಲವರು ಚೆಲ್ಲುವುದು ಆಗಲೇ. ಚೆಲ್ಲಬೇಡಿ, ಹಿಟ್ಟು ಕೊಡುತ್ತಲೇ ಇರಿ. 6-8 ಗಂಟೆಯೊಳಗೆ ಎರಡರಷ್ಟಾಗುವುದು ಸತತ ಮೂರು ದಿನ ಕಂಡ ಮೇಲೆ ಬ್ರೆಡ್ಡಿಗೆ ಬಳಸಿ.

ಎರಡನ್ನೂ ಕಾಪಿಡುವುದು

ಬ್ರೆಡ್ಡನ್ನು ಫ್ರಿಜ್ಜಿನಲ್ಲಿಡಬೇಡಿ. ಬೆಂದಾಗ ಸಡಿಲಗೊಂಡ ಪಿಷ್ಟ ಮತ್ತೆ ಸಾಲುಗಟ್ಟಿ ಬಿರುಸಾಗುವುದರಿಂದಲೇ ಬ್ರೆಡ್ ಹಳತಾಗುತ್ತದೆ, ಫ್ರಿಜ್ಜಿನ ಚಳಿಯಲ್ಲಿ ಈ ಕೆಲಸ ಹೊರಗಿಗಿಂತ ಬೇಗ ನಡೆಯುತ್ತದೆ. ಎರಡು ದಿನಕ್ಕೆ ಬೇಕಾದಷ್ಟನ್ನು ಬಟ್ಟೆಯಲ್ಲಿ ಸುತ್ತಿ ಹೊರಗಿಡಿ. ಉಳಿದದ್ದನ್ನು ಹೋಳು ಮಾಡಿ, ಗಾಳಿಯಾಡದ ಚೀಲದಲ್ಲಿ ಫ್ರೀಜರಿಗೆ ಹಾಕಿ, ಬೇಕೆನಿಸಿದಾಗ ಹೆಪ್ಪುಗಟ್ಟಿದ ಹೋಳನ್ನೇ ಟೋಸ್ಟರಿಗೆ ಇಳಿಸಿ.

ಕಾಫಿ ಬೀಜಕ್ಕೂ ಫ್ರಿಜ್ ಬೇಡ, ಅಲ್ಲಿ ತೇವವನ್ನೂ ಇತರ ಪದಾರ್ಥಗಳ ವಾಸನೆಯನ್ನೂ ಅದು ಹೀರುತ್ತದೆ. ಮೂರು ನಾಲ್ಕು ವಾರದಲ್ಲಿ ಮುಗಿಯುವಷ್ಟನ್ನು ಬೆಳಕು ಬೀಳದ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹೆಚ್ಚಿದ್ದರೆ 18 ಗ್ರಾಂನ ಚಿಕ್ಕ ಪೊಟ್ಟಣಗಳಾಗಿ ತೂಗಿ, ಗಾಳಿ ತೆಗೆದು ಫ್ರೀಜರಿನಲ್ಲಿಡಿ. ಒಂದು ಪೊಟ್ಟಣ ತೆಗೆದರೆ ಕರಗಲು ಕಾಯದೆ ನೇರ ಗ್ರೈಂಡರಿಗೆ ಸುರಿಯಿರಿ. ದೊಡ್ಡ ಚೀಲವನ್ನು ದಿನವೂ ತೆರೆದು ಮುಚ್ಚಿದರೆ ತಣ್ಣನೆಯ ಬೀಜದ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ, ಫ್ರೀಜರಿನಲ್ಲಿಟ್ಟ ಲಾಭವೆಲ್ಲ ಅಲ್ಲೇ ಹೋಗುತ್ತದೆ.